ಯಾರೂ ಇಲ್ಲದ ಚಾನೆಲ್ಲು

ಲಕ್ಷ್ಮೀಕಾಂತಮ್ಮ ಮೂರನೆಯ ಸಲ ಕರೆದ ಮೇಲೆಯೇ, ಅದಕ್ಕೆ ಮೊದಲು ಎರಡು ಸಲ ಕರೆದಿದ್ದರೆಂಬುದು ರಮಾಕಾಂತನಿಗೆ ತಿಳಿದದ್ದು. ಹೆಸರುಕಾಳಿನ ಪೆಸರಟ್ಟು ತಣ್ಣಗಾಗುತ್ತಿದೆ ಎಂದು ವಿಜಯವಾಡದ ಆ ಬಾಡಿಗೆ ಮನೆಯ ಒಡತಿಯಾದ ಆಕೆ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಹೇಳುತ್ತಿದ್ದರು. ಅವನು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಎಷ್ಟು ಹೊತ್ತಿನಿಂದಲೋ ಮಂಚದ ಅಂಚಿನಲ್ಲಿ ಕೂತಿದ್ದ. ಹತ್ತು ಅಡಿ ದೂರದಿಂದ ಕರೆದರೂ ಕೇಳಿಸದ ಮನುಷ್ಯನಿಗೆ ಸಂಬಳ ಕೊಟ್ಟು, ಹೋಗಪ್ಪಾ, ಊರಿನ ಮೇಲೆ ಗಾಳಿಯಲ್ಲಿ ಯಾರು ಯಾರು ಮಾತಾಡುತ್ತಿದ್ದಾರೆ ಕೇಳಿಸಿಕೊಂಡು ಬಾ ಎಂದು ಕಳಿಸಿದವರ ಬುದ್ಧಿಗೆ ಏನು ಹೇಳಬೇಕು ಎಂದು ಅವನಿಗೆ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯಾಯಿತು. ಬಂದೆ ಅಮ್ಮಾ ಎಂದು ಹೇಳಿ ಇನ್ನೊಂದು ಕಾಲುಚೀಲವನ್ನೂ ಹಾಕಿಕೊಂಡ.

ಮೂರು ಗಂಟೆಗೆ ಮೀಟಿಂಗು. ಅಷ್ಟರೊಳಗೆ ಹೇಳಿಬಿಡಬೇಕು. ಹೇಳದಿದ್ದರೆ ವರದಿಗೆ ಒಪ್ಪಿಗೆ ಬೀಳುತ್ತದೆ. ವಿಶಾಖಪಟ್ಟಣದಲ್ಲಿ ಬಂದರಿನ ಹೊರಗಿನ ಒಂದು ಖಾಸಗಿ ಕಂಟೇನರ್ ಯಾರ್ಡಿಗೆ ಅವನ ಅಳತೆಯನ್ನು ನಂಬಿ ಜೂನ್ ಒಂದರಿಂದ ಎರಡು ತಿಂಗಳ ಪ್ರಯೋಗಕ್ಕೆಂದು ಕೊಟ್ಟಿದ್ದ ವೈರ್‌ಲೆಸ್ ಚಾನೆಲ್ಲು ಕಾಯಮ್ಮಾಗಿ ಅವರ ಪಾಲಾಗುತ್ತದೆ. ಆಮೇಲೆ ಕಾಕಿನಾಡ, ಮಚಲೀಪಟ್ಟಣ ಎಂದು ಕರಾವಳಿಯುದ್ದಕ್ಕೂ ಅದನ್ನೇ ಹಂಚುತ್ತ ಹೋಗುತ್ತಾರೆ. ಅವನ ಕಂಪನಿ ಮಾಡುತ್ತಿದ್ದ ಕೆಲಸ ಹೇಳಲಿಕ್ಕೆ ಸುಲಭ. ಯಾವ್ಯಾವುದೋ ಕಾಲದಲ್ಲಿ ಯಾರ್ಯಾರಿಗೋ ಬರೆದುಕೊಟ್ಟ ತರಂಗಾಂತರಗಳಿವೆ, ಅವುಗಳಲ್ಲಿ ಎಷ್ಟೋ ಉಪಯೋಗವಿಲ್ಲದೆ ಬಿದ್ದಿವೆ. ಯಾವುದರಲ್ಲಿ ಜನ ಮಾತಾಡುತ್ತಿದ್ದಾರೆ, ಯಾವುದರಲ್ಲಿ ಇಲ್ಲ ಎಂದು ಆಂಟೆನಾ ನಿಲ್ಲಿಸಿ ವಾರಗಟ್ಟಲೆ ಅಳೆಯಬೇಕು. ಯಂತ್ರದ ಪರದೆಯ ಮೇಲೆ ಒಂದು ಅಡ್ಡಗೆರೆ ಇರುತ್ತದೆ. ಗೆರೆಯಿಂದ ಮೇಲೆದ್ದದ್ದು ಮಾತು, ಕೆಳಗೆ ಉಳಿದದ್ದು ಬರೀ ಗದ್ದಲ. ಮಾತಿಲ್ಲದ ಕಡೆ ಇನ್ನೊಬ್ಬರನ್ನು ಕೂರಿಸಬಹುದು. ಯಂತ್ರ ಇಷ್ಟನ್ನೇ ಹೇಳುತ್ತದೆ, ಅದರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ನಲವತ್ತೊಂದನೆಯ ಪುಟದ ಆ ಸಾಲನ್ನು ಬರೆದದ್ದು ಯಂತ್ರವಲ್ಲ. ‘ಮೀನುಗಾರಿಕೆಯ ತುಂಬು ಹಂಗಾಮಾದ ಮೇ ತಿಂಗಳಿಡೀ ಅಳೆದಾಗಲೂ ಈ ಚಾನೆಲ್ಲಿನಲ್ಲಿ ದೋಣಿಗಳ ಬಳಕೆ ಕಂಡುಬಂದಿಲ್ಲ.’ ವರದಿಯಲ್ಲಿ ಅದು ಇಂಗ್ಲಿಷಿನಲ್ಲಿತ್ತು. ಅವನ ತಲೆಯಲ್ಲಿ ಮಾತ್ರ ಮೂರು ವಾರದಿಂದ ಕನ್ನಡದಲ್ಲಿ ಓಡುತ್ತಿತ್ತು. ಹಲ್ಲುಜ್ಜುವಾಗ, ಅಂಗಿಯ ಗುಂಡಿ ಹಾಕುವಾಗ, ಯಾರಾದರೂ ಮಾತಾಡಿಸಿದಾಗ ಅವರ ಮಾತಿನ ಅಡಿಯಲ್ಲಿ.

ತುಂಬು ಹಂಗಾಮು ಎಂಬುದನ್ನು ಅವನು ಯಾರನ್ನೂ ಕೇಳಿ ಬರೆದದ್ದಲ್ಲ. ಕೇಳುವ ಅಗತ್ಯವೇ ಕಂಡಿರಲಿಲ್ಲ. ಗಂಗೊಳ್ಳಿಯ ಮೊಗವೀರರ ಮನೆಯಲ್ಲಿ ಹುಟ್ಟಿದವನಿಗೆ, ಬೋಟು ನಡೆಸುವ ತಾಂಡೇಲನ ಮಗನಿಗೆ, ಸಮುದ್ರಕ್ಕೆ ಯಾವಾಗ ಹೋಗುತ್ತಾರೆ ಯಾವಾಗ ಬಿಡುತ್ತಾರೆ ಎಂದು ಇನ್ನೊಬ್ಬರು ಹೇಳಿಕೊಡಬೇಕೆ? ಜೂನ್ ನಡುವಿನಲ್ಲಿ ಮಳೆ ಜೋರಾಗುವಾಗ ಕಸುಬು ನಿಲ್ಲುತ್ತದೆ, ಬೋಟುಗಳು ದಡ ಸೇರುತ್ತವೆ. ಅದಕ್ಕೆ ಮೊದಲಿನ ಏಪ್ರಿಲ್, ಮೇ ಎಂದರೆ ಅಪ್ಪಯ್ಯನಿಗೆ ಉಸಿರಾಡಲೂ ಪುರುಸೊತ್ತಿಲ್ಲದ ದಿನಗಳು. ವಿಶಾಖಪಟ್ಟಣದಲ್ಲಿ ಬಾಡಿಗೆಗೆ ಹಿಡಿದ ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿ, ಕಾದ ಸಿಮೆಂಟಿನ ಮೇಲೆ ಗೋಣಿ ಹಾಸಿ ಕೂತು, ಆ ಚಾನೆಲ್ಲಿನ ಗೆರೆ ದಿನವಿಡೀ ಮಲಗಿಯೇ ಇದ್ದುದನ್ನು ಅವನು ನೋಡಿದ್ದ. ಅಲ್ಲಿಂದ ದೂರಕ್ಕೆ ಮೀನುಗಾರಿಕೆಯ ಬಂದರು ಕಾಣುತ್ತಿತ್ತು. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಆಹಾ, ಎಷ್ಟು ಬೋಟು ಎಂದು ಅವನ ಎದೆ ಉಬ್ಬಿತ್ತು. ಬೆಳಗಿನ ಜಾವ ಹೋಗಿ ಮೀನು ಇಳಿಸಿ ನಿಂತಿರಬೇಕು ಎಂದುಕೊಂಡಿದ್ದ. ತಾನು ತಾರಸಿಗೆ ಬರುತ್ತಿದ್ದದ್ದು ಹತ್ತು ಗಂಟೆಗೆ. ಅಷ್ಟು ಹೊತ್ತಿಗೆ ಗಂಗೊಳ್ಳಿಯಲ್ಲೂ ಹಾಗೆಯೇ ತಾನೆ. ಕೆಳಗಿಳಿದು ಒಂದು ಶೇರ್ ಆಟೋ ಹತ್ತಿದ್ದರೆ ಹತ್ತೇ ನಿಮಿಷದ ದಾರಿ. ಬಲೆ ಹೆಣೆಯುತ್ತ ನೆರಳಲ್ಲಿ ಕೂತವರಲ್ಲಿ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬಯಲುಸೀಮೆಯವನೊಬ್ಬ ಅಲ್ಲಿ ಕೂತಿದ್ದರೆ ತನಗೆ ಗೊತ್ತಿಲ್ಲವೆಂದಾದರೂ ಗೊತ್ತಿರುತ್ತಿತ್ತು, ಹೋಗಿ ಕೇಳುತ್ತಿದ್ದ. ಸಮುದ್ರದ ಮನೆಯವನಾದ್ದರಿಂದಲೇ ತಾನು ಕೇಳಲಿಲ್ಲ. ಈಗ ತಟ್ಟೆಯ ಮುಂದೆಯೂ ಅದೇ ಯೋಚನೆ. ಪೆಸರಟ್ಟಿನ ಎರಡನೆಯ ತುಂಡನ್ನು ಅವನು ತಟ್ಟೆಯಲ್ಲೇ ಬಿಟ್ಟ.

ಲಕ್ಷ್ಮೀಕಾಂತಮ್ಮ ನೀರು ಕೊಟ್ಟು, ಪೇಪರನ್ನು ಎಂದಿನಂತೆ ಅವನ ತಟ್ಟೆಯ ಪಕ್ಕಕ್ಕೆ ತಳ್ಳಿದರು. ಅವನು ತೆಗೆದುಕೊಳ್ಳಲಿಲ್ಲ. ತೆಲುಗು ಅಕ್ಷರಗಳು ಕನ್ನಡಕ್ಕೆ ಹತ್ತಿರವೆಂದು, ಬಂದ ಹೊಸತರಲ್ಲಿ ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಿ ಆಕೆಯನ್ನು ನಗಿಸುತ್ತಿದ್ದ. ಜೂನ್ ಹತ್ತರ ಬೆಳಗ್ಗೆಯೂ ಹಾಗೆಯೇ ಓದಿದ್ದ. ವಿ-ಶಾ-ಖ. ಪ-ಡ-ವ. ಮುಗ್ಗುರು ಗಲ್ಲಂತು. ಗಲ್ಲಂತು ಅಂದರೇನಮ್ಮಾ ಎಂದು ನಗುತ್ತಲೇ ಕೇಳಿದ್ದ. ಆಕೆ ದೋಸೆಯ ಸಟ್ಟುಗ ಹಿಡಿದುಕೊಂಡು ಬಂದು ನೋಡಿ, ಅಯ್ಯೋ, ಸಿಕ್ಕಲಿಲ್ಲ ಅಂತ ಬಾಬೂ, ನೀರಲ್ಲಿ ಹೋದ ಮೂವರು ಸಿಕ್ಕಲಿಲ್ಲ ಅಂತ ಎಂದಿದ್ದರು. ಉಳಿದದ್ದನ್ನು ಆಕೆಯೇ ಓದಿ ಹೇಳಿದರು. ಹಿಂದಿನ ದಿನ ಒಂದು ಬೋಟಿನ ಇಂಜಿನ್ನು ಕೆಟ್ಟು, ಗಾಳಿಗೆ ಸಿಕ್ಕಿ ಮಗುಚಿತಂತೆ. ಹನ್ನೊಂದರಿಂದ ಎರಡು ಗಂಟೆಯವರೆಗೆ ಅವರು ವೈರ್‌ಲೆಸ್ಸಿನಲ್ಲಿ ದಡವನ್ನು ಕರೆಯುತ್ತಲೇ ಇದ್ದರಂತೆ. ಅವರಿಗಿಂತ ಆಚೆ ಬಲೆ ಹಾಕಿ ನಿಂತಿದ್ದ ಇನ್ನೊಂದು ಬೋಟಿನವರು ಕೇಳಿಸಿಕೊಂಡು, ಬಲೆ ಕೊಯ್ದು ಬರುವ ಹೊತ್ತಿಗೆ ಮುಗಿದಿತ್ತಂತೆ. ದಡದಿಂದ ಮಾತ್ರ ಯಾರೂ ಓಗೊಡಲಿಲ್ಲವಂತೆ. ಯಾರೂ ಎಂಬಲ್ಲಿಗೆ ಅವನು ಎದ್ದು ಕೈ ತೊಳೆಯಲಿಕ್ಕೆ ಹೋಗಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ತನ್ನ ಮುಖದಲ್ಲಿ ಏನಾದರೂ ಕಾಣಿಸುತ್ತಿದೆಯೇ ಎಂದು ಬಚ್ಚಲ ಕನ್ನಡಿಯಲ್ಲಿ ನೋಡಿಕೊಂಡಿದ್ದ.

ಅದಕ್ಕಿಂತ ಒಂದು ವಾರ ಮೊದಲೇ ಅವನಿಗೆ ಗೊತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೆ ತಾನೇ ಹೇಳಿಕೊಳ್ಳುವಾಗಲೂ ಬೇಗ ಬೇಗ ಹೇಳಿ ಮುಗಿಸುತ್ತಿದ್ದ. ಜೂನ್ ಎರಡಕ್ಕೆ ಅಪ್ಪಯ್ಯ ಫೋನು ಮಾಡಿದ್ದರು. ಬೋಟಿನಲ್ಲಿ ಜನ ಕಡಿಮೆಯಾಗಿದ್ದಾರೆ, ಕೊನೆಯ ಎರಡು ವಾರ ಹೇಗೆ ಕಳೆಯುವುದೋ ಎಂದು ಗೊಣಗುತ್ತ, “ನಮ್ಮ್ ಬೋಟಂಗಿದ್ದ ಆ ಬದಿಯರೆಲ್ಲ ಊರಿಗ್ ಹೋದ್ರ್ ಮಗಾ. ಅವ್ರದ್ ಬಂದ್ ಮುಗೀತಲ್ದಾ. ಇನ್ ನಮ್ದ್ ಶುರು” ಎಂದರು. ಆ ಬದಿಯವರೆಂದರೆ ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆಯವರು. ನಾಲ್ಕೈದು ವರ್ಷಗಳಿಂದ ಏಪ್ರಿಲ್ ನಡುವಿಗೆ ಬಂದು, ಮೇ ಮುಗಿಯುತ್ತಲೇ ರೈಲು ಹತ್ತುವವರು. ರಜೆಯಲ್ಲಿ ಊರಿಗೆ ಹೋದಾಗ ಅವನು ಅವರ ಜೊತೆ ಬೋಟು ನಿಲ್ಲುವ ದಕ್ಕೆಯಲ್ಲಿ ಕೂತು ಖಾರದ ಮೀನು ತಿಂದಿದ್ದ, ಅವರ ಹಾಡಿಗೆ ತಲೆ ಆಡಿಸಿದ್ದ. ತಮ್ಮ ಸಮುದ್ರ ಬಿಟ್ಟು, ಅದೂ ಸರಿಯಾಗಿ ಆ ಆರು ವಾರಕ್ಕೆ, ಇವರು ಇಲ್ಲಿಗೇಕೆ ಬರುತ್ತಾರೆ ಎಂದು ಒಂದು ದಿನವಾದರೂ ಕೇಳಿರಲಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಪೂರ್ವ ಕರಾವಳಿಯಲ್ಲಿ ಏಪ್ರಿಲ್ ಮೇಯಲ್ಲೇ ಮೀನುಗಾರಿಕೆ ಬಂದ್, ಸಮುದ್ರಕ್ಕೆ ಬೀಗ. ಅವರು ಗಂಗೊಳ್ಳಿಯಲ್ಲಿ ತನ್ನ ಅಪ್ಪಯ್ಯನ ಬಲೆ ಎಳೆಯುತ್ತಿದ್ದಾಗ, ತಾನು ಅವರ ಊರಿನ ತಾರಸಿಯ ಮೇಲೆ ಕೂತು ಇಲ್ಲಿ ಯಾರೂ ಮಾತಾಡುತ್ತಿಲ್ಲ ಎಂದು ಬರೆದುಕೊಳ್ಳುತ್ತಿದ್ದ. ಫೋನು ಇಟ್ಟವನೇ ಮೇಲಧಿಕಾರಿ ಶೇಷಗಿರಿಯವರಿಗೆ ಇ-ಮೇಲ್ ಬರೆಯಲು ಕೂತ. ನಾಲ್ಕು ಸಾಲು ಬರೆದ. ಅಂದು ಬೆಳಗ್ಗೆಯಷ್ಟೇ ಅವರು ಎಲ್ಲರ ಎದುರು, ನೋಡಿ, ಸ್ಥಳದ ತಿಳಿವಳಿಕೆ ಅಂದರೆ ಇದು ಎಂದು ಅದೇ ಸಾಲನ್ನು ತೋರಿಸಿ ಹೊಗಳಿದ್ದರು. ಭಾಷೆ ಇನ್ನಷ್ಟು ಸರಿ ಮಾಡಿ ನಾಳೆ ಕಳಿಸೋಣ ಎಂದು ಉಳಿಸಿಟ್ಟ. ನಾಳೆ, ನಾಡಿದ್ದು ಎಂದು ಏಳು ದಿನವಾಯಿತು. ಆ ಪತ್ರ ಈಗಲೂ ಕಳಿಸದ ಪತ್ರಗಳ ಜೊತೆ ಹಾಗೆಯೇ ಇತ್ತು.

ಆಫೀಸಿಗೆ ಹೊರಟ ಆಟೋದಲ್ಲಿ ಅವನ ಬ್ಯಾಗಿನೊಳಗೆ, ಶೇಷಗಿರಿಯವರಿಗೆಂದು ಬರೆದ ಎರಡು ಹಾಳೆಯ ಟಿಪ್ಪಣಿ ಇತ್ತು. ಕೃಷ್ಣೆಯ ಕಡೆಯಿಂದ ಬೀಸುತ್ತಿದ್ದ ಗಾಳಿಯೂ ಬಿಸಿಯಾಗಿತ್ತು. ಜುಲೈ ಬಂದರೂ ವಿಜಯವಾಡ ತಣ್ಣಗಾಗಿರಲಿಲ್ಲ. ಪಕ್ಕದಲ್ಲಿ ಕೂತವನು ಬೆವರು ಒರೆಸಿಕೊಳ್ಳುತ್ತ ಏನೋ ಕೇಳಿದ, ರಮಾಕಾಂತ ಸುಮ್ಮನೆ ಹೌದು ಎಂದ. ಕೋಟೇಶ್ವರಮ್ಮನಿಗೂ ಅವನು ಹೀಗೆಯೇ ಹೌದು ಎಂದಿದ್ದ. ಜೂನ್ ಹದಿನೈದರ ಭಾನುವಾರ ರತ್ನಾಚಲ್ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋಗಿ, ಕೇಳುತ್ತ ಕೇಳುತ್ತ ಬಂದರಿನ ಬೋಟಿನವರ ಸೊಸೈಟಿಯ ತಗಡಿನ ಶೆಡ್ಡಿಗೆ ಮುಟ್ಟಿದಾಗ, ಕಂಪ್ಲೇಂಟ್ ಬರೆದುಕೊಳ್ಳಲು ಬಂದವರಾ ಎಂದು ಆಕೆ ಕೇಳಿದಳು. ನಲವತ್ತೈದರ ಹೆಂಗಸು, ಗಂಟಲು ಒಡೆದ ಧ್ವನಿ. ಗೋಡೆಯ ಹಲಗೆಯ ಮೇಲೆ ವೈರ್‌ಲೆಸ್ ಸೆಟ್ಟು, ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಮುಸುಕು, ಶೆಡ್ಡಿನ ಹಿಂದೆ ಎತ್ತರದ ಕಂಬ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷಗಳಿಂದ ಆ ಸೆಟ್ಟಿನ ಮುಂದೆ ಕೂರುವುದೇ ಅವಳ ಕೆಲಸ. ಹೋದ ಬೋಟಿನವರು ಗಂಟೆಗೊಮ್ಮೆ ಅಕ್ಕಾ ಎನ್ನಬೇಕು, ಇವಳು ಹೇಳು ಎನ್ನಬೇಕು. ಗಲ್ಲಂತಾದ ಮೂವರಲ್ಲಿ ಅಪ್ಪಲಸ್ವಾಮಿ ಎಂಬವನು ಅವಳ ಒಡಹುಟ್ಟಿದ ತಮ್ಮ. ಇದೆಲ್ಲವನ್ನೂ ಹೇಳುವ ಮೊದಲು ಅವಳು ಅವನಿಗೆ ಊಟ ಹಾಕಿದಳು. ಅವನು ತನ್ನ ಹರುಕು ತೆಲುಗಿನಲ್ಲಿ, ತಾನೂ ಮೀನು ಹಿಡಿಯುವವರ ಮನೆಯವನೇ, ಪಶ್ಚಿಮದ ಕಡಲಿನವನು ಎಂದು ಹೇಳಿಬಿಟ್ಟಿದ್ದ. ಏಕೆ ಹೇಳಿದೆನೋ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ: ಅವಳು ತನ್ನನ್ನು ಒಳ್ಳೆಯವನೆಂದು ತಿಳಿಯಲಿ ಎಂದು. ಅವಳು ತಿಳಿದಳು. ನಮ್ಮವನೇ ಬಂದ ಎಂದು ಪಕ್ಕದ ಶೆಡ್ಡಿನವರನ್ನು ಕರೆದು ತೋರಿಸಿದಳು, ಒಣಮೀನಿನ ಪುಳುಸು ಸಾರನ್ನು ಮತ್ತೊಮ್ಮೆ ಬಡಿಸಿದಳು.

ಅವಳು ಹೇಳಿದ್ದನ್ನು ಅವನು ಬರೆದುಕೊಂಡ; ಅವಳ ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ. ಬಂದ್ ಮುಗಿದು ಸೆಟ್ಟು ಹಾಕಿದ ಮೊದಲ ದಿನದಿಂದಲೇ ಅದರಲ್ಲಿ ಯಾರೋ ಬೇರೆಯವರು. ಹದಿನೇಳನೇ ಬಂಡಿ ನಾಲ್ಕನೇ ಗೇಟಿಗೆ, ಒಂಬತ್ತನೇ ಬಂಡಿ ಹಿಂದಕ್ಕೆ ತೆಗಿ, ಬೆಳಗಿನಿಂದ ಸಂಜೆಯವರೆಗೆ ಕಂಟೇನರ್ ಲಾರಿಗಳದೇ ಮಾತು. ಯಾರ್ಡಿನ ಸೆಟ್ಟುಗಳು ಬೇರೆ ಯಾರೂ ಮಾತಾಡದಾಗ ಮಾತ್ರ ಮಾತಾಡುವಂಥವು ಎಂದು ಅವನಿಗೆ ಗೊತ್ತಿತ್ತು. ಆದರೆ ನೀರಿನ ಮಟ್ಟದಲ್ಲಿ ಕೂತ ಬೋಟಿನ ಸಣ್ಣ ಸೆಟ್ಟಿನ ಕರೆ ಅವುಗಳ ಗೆರೆಯನ್ನು ಮುಟ್ಟುವುದೇ ಇಲ್ಲ, ಅವು ಖಾಲಿಯೆಂದುಕೊಂಡು ಮಾತಾಡುತ್ತಲೇ ಇರುತ್ತವೆ. ಈ ಎತ್ತರದ ಕಂಬಕ್ಕೆ ಮುಟ್ಟಬೇಕು, ಮುಟ್ಟುವ ಹೊತ್ತಿಗೆ ಹದಿನೇಳನೇ ಬಂಡಿ ಅದರ ಮೇಲೆ ಹಾದುಹೋಗಿರುತ್ತದೆ. ಒಂಬತ್ತನೆಯ ತಾರೀಕು ಕೋಟೇಶ್ವರಮ್ಮ ಗುಂಡಿ ಒತ್ತಿ, ಸ್ವಾಮೀ, ಒಂದೈದು ನಿಮಿಷ ಸುಮ್ಮನಿರಿ, ನಮ್ಮ ಹುಡುಗರು ಹೊರಗಿದ್ದಾರೆ ಎಂದು ಬೇಡಿಕೊಂಡಿದ್ದಳು. ಯಾರಮ್ಮಾ ನೀನು, ಲೈನ್ ಬಿಡು ಎಂದು ಅತ್ತ ಕಡೆಯವನು ಗದರಿಸಿದ್ದ. ಇಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಆಮೇಲೆ ತೀರ ಸಣ್ಣ ಧ್ವನಿಯಲ್ಲಿ, “ನನಗೆ ಸಿಟ್ಟು ಬಂತು ಸಾರ್. ಸೆಟ್ಟು ಆಫ್ ಮಾಡಿದೆ. ಅರ್ಧ ಗಂಟೆ. ಅವನು ಕರೆದದ್ದು ಆ ಅರ್ಧ ಗಂಟೆಯಲ್ಲೇ ಇರಬೇಕು” ಎಂದಳು. ಅಲ್ಲಮ್ಮಾ, ಅವರು ಮೂರು ಗಂಟೆ ಕರೆದರು, ಆನ್ ಇದ್ದಾಗಲೂ ನಿಮಗೆ ಕೇಳಿಸುವ ಹಾಗಿರಲಿಲ್ಲ, ಕೇಳಿಸದ ಹಾಗೆ ಮಾಡಿದವನು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ತೆಲುಗು ಬರುವುದಿಲ್ಲವೆಂಬ ನೆಪವೂ ಇರಲಿಲ್ಲ. ಅಷ್ಟು ತೆಲುಗು ಅವನಿಗೆ ಬರುತ್ತಿತ್ತು. ಅವನು ಬರೆದುಕೊಂಡ. ಅರ್ಧ ಗಂಟೆ ಆಫ್ ಎಂದು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದ. ಫೋನ್ ನಂಬರು ಕೊಟ್ಟು ಬಂದ.

ಆ ಮಾತುಗಳನ್ನೇ ಕನ್ನಡ ಮಾಡಿ, ಜೊತೆಗೆ ತನ್ನ ತಪ್ಪನ್ನೂ ಬರೆದ ಟಿಪ್ಪಣಿಯನ್ನು ಹನ್ನೆರಡು ಗಂಟೆಗೆ ಶೇಷಗಿರಿಯವರ ಮೇಜಿನ ಮೇಲೆ ಇಟ್ಟು ಅವನು ಎದುರಿನ ಕುರ್ಚಿಯಲ್ಲಿ ಕೂತ. ಶೇಷಗಿರಿ ಬಳ್ಳಾರಿಯವರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮಾತಾಡಿ ಬೆಳೆದವರು. ಸಕ್ಕರೆ ಕಾಯಿಲೆಯ ಮನುಷ್ಯ, ಯಾರ ಮೇಲೂ ಕೂಗಾಡಿದ್ದನ್ನು ಕಂಡವರಿಲ್ಲ. ತಮಗೆ ತಂದಿದ್ದ ಮಜ್ಜಿಗೆಯಲ್ಲಿ ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಅವನ ಮುಂದೆ ಸರಿಸಿ, ಎರಡು ಹಾಳೆಯನ್ನೂ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಎದ್ದಾಗಲೆಲ್ಲ ಬೆರಳಿಟ್ಟು ಒತ್ತಿದರು. ರಮಾಕಾಂತ ಅವರ ಮುಖವನ್ನೇ ನೋಡುತ್ತಿದ್ದ. ಬೈಯಲಿ, ಕೆಲಸದಿಂದ ತೆಗೆಯಲಿ, ಬಾಯಿಗೆ ಬಂದಂತೆ ಅನ್ನಲಿ ಎಂದು ಆಸೆಯಿಂದ ಕಾಯುತ್ತಿದ್ದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಉಣ್ಣಲಿಕ್ಕೆ ಎಲೆ ಹಾಕಿಕೊಂಡು ಕೂತವನ ಹಾಗೆ ಕೂತಿದ್ದ. ಓದಿ ಮುಗಿಸಿದ ಶೇಷಗಿರಿ ಹಾಳೆಗಳನ್ನು ಮಡಚಿದರು.

“ಸರ್, ಆ ಚಾನೆಲ್ಲು ಖಾಲಿ ಇರ್ಲಿಲ್ಲ. ಅವರ ಬಂದ್ ಇತ್ತು, ಅಷ್ಟೆ. ನಾನು ಅಳೆದ ದಿನಗಳೇ ತಪ್ಪು,” ಎಂದ ರಮಾಕಾಂತ.

ದಿನ ತಪ್ಪಿರಬಹುದು, ಅಳತೆ ತಪ್ಪಲ್ಲ ಎಂದು ಶೇಷಗಿರಿ ಸಮಾಧಾನದಿಂದಲೇ ವಿವರಿಸಿದರು. ಸೊಸೈಟಿಯ ಲೈಸೆನ್ಸು ಐದು ವರ್ಷದ ಹಿಂದೆಯೇ ಮುಗಿದಿತ್ತು. ಹಳೆಯ ಕಾರ್ಯದರ್ಶಿ ಸತ್ತ ಮೇಲೆ ಯಾರೂ ಹೊಸದು ಮಾಡಿಸಿಕೊಂಡಿರಲಿಲ್ಲ. ಲೈಸೆನ್ಸ್ ಇಲ್ಲದವನು ಕಾನೂನಿನ ಕಣ್ಣಿಗೆ ಬಳಕೆದಾರನೇ ಅಲ್ಲ. ಅವನು ಇಪ್ಪತ್ತನಾಲ್ಕು ಗಂಟೆ ಮಾತಾಡಿದರೂ ಚಾನೆಲ್ಲು ಖಾಲಿಯೇ. ಹಾಗಾಗಿ ಮೇಯಲ್ಲಿ ಅಳೆದರೇನು, ಜೂನಿನಲ್ಲಿ ಅಳೆದರೇನು. ರಮಾಕಾಂತ ಟಿಪ್ಪಣಿಗೆ ಕೈ ಚಾಚಿದ. ಅಷ್ಟರಲ್ಲಿ ಶೇಷಗಿರಿ ಮಡಚಿದ ಹಾಳೆಯನ್ನು ಮತ್ತೆ ಬಿಚ್ಚಿ, ಅರ್ಧ ಗಂಟೆ ಆಫ್ ಎಂದಿದ್ದ ಜಾಗದ ಮೇಲೆ ಬೆರಳಿಟ್ಟರು.

“ನೋಡ್ರಿ, ಇದನ್ನ ಒಳಗ ಕಳಿಸಿದ್ರೆ ಏನಾಗ್ತೈತೆ? ಲೈಸೆನ್ಸ್ ಇಲ್ದೆ ಸೆಟ್ ಇಟ್ಕೊಂಡಾಳೆ. ತಾನೇ ಆಫ್ ಮಾಡೀನಿ ಅಂತ ಹೇಳ್ಯಾಳೆ. ನಿಮ್ಮನ್ನ ಯಾರೂ ಏನೂ ಕೇಳಂಗಿಲ್ಲ. ಪೊಲೀಸ್ನೋರು ಮೊದಲು ಹೋಗೋದು ಆಕೆ ಮನಿಗೆ. ತಮ್ಮನ್ನ ಕಳಕೊಂಡಾಳೆ, ಪಾಪ. ಅದೂ ಬೇಕಾ ಆಕೆಗೆ?”

ರಮಾಕಾಂತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದ. ಅವರು ಹೇಳಿದ್ದು ನಿಜವಿರಬಹುದು. ನಿಜವಿದ್ದರೂ, ಅದು ತನಗೆ ಎಷ್ಟು ಅನುಕೂಲವಾದ ನಿಜ ಎಂಬುದು ಅವನಿಗೆ ಆ ಕ್ಷಣದಲ್ಲೇ ಹೊಳೆಯಿತು. ಎದೆಯೊಳಗೆ ಏನೋ ಸಡಿಲವಾಗಿದ್ದು, ಮೂರು ವಾರದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋದದ್ದು ತಿಳಿಯಿತು. ಇಷ್ಟು ದಿನ ತಾನು ಕಾಯುತ್ತಿದ್ದದ್ದು ಶಿಕ್ಷೆಗೋ, ಈ ಬಿಡುಗಡೆಗೋ? ಬೋಟುಗಳು ಇವತ್ತೂ ಹೊರಗಿವೆ ಸರ್ ಎಂದು ಹೇಳಿದ. ಹೇಳಿದ್ದು ತನಗೇ ಸರಿಯಾಗಿ ಕೇಳಿಸಲಿಲ್ಲ. ಶೇಷಗಿರಿ ತಲೆಯಾಡಿಸಿ, ಅವರು ಹೊಸದಾಗಿ ಅರ್ಜಿ ಹಾಕಲಿ, ಒಂದು ವರ್ಷದಲ್ಲಿ ಬೇರೆ ಚಾನೆಲ್ಲು ಸಿಕ್ಕರೂ ಸಿಗಬಹುದು, ನಾನೇ ಫಾರಂ ತರಿಸಿಕೊಡುತ್ತೇನೆ ಎಂದರು. ನಂತರ, ಸ್ವಲ್ಪ ಸಂಕೋಚದಿಂದಲೇ, ಒಂದು ಕೆಲಸ ಮಾಡಿ ಎಂದರು. ನಲವತ್ತೊಂದನೆಯ ಪುಟದ ಆ ಸಾಲನ್ನು ತೆಗೆದುಬಿಡಿ. ಹಂಗಾಮು, ಮೀನು, ದೋಣಿ, ಇವೆಲ್ಲ ನಮ್ಮ ವರದಿಯಲ್ಲಿ ಏಕೆ ಇರಬೇಕು, ನಾಳೆ ಯಾರಾದರೂ ಓದಿ ಪ್ರಶ್ನೆ ಎತ್ತಲಿಕ್ಕೆ? ಮಜ್ಜಿಗೆ ಕುಡಿಯಿರಿ ಎಂದೂ ಹೇಳಿದರು. ಅವನು ಕುಡಿದ.

ಸಾಲನ್ನು ಆರಿಸಿ ಅಳಿಸಲು ಎರಡು ಸೆಕೆಂಡು ಸಾಕು. ಅವನು ಅರ್ಧ ಗಂಟೆ ಕೂತ. ಅಷ್ಟು ದಿನ ತನ್ನನ್ನು ತಿಂದ ಸಾಲು ಅದು; ಸುಳ್ಳು ಸಾಲು. ಅಳಿಸಿದರೆ ವರದಿಯಲ್ಲಿ ಸುಳ್ಳು ಒಂದೂ ಉಳಿಯುವುದಿಲ್ಲ. ಆದರೆ ನೂರಾ ಹನ್ನೆರಡು ಪುಟಗಳಲ್ಲಿ ದೋಣಿ ಎಂಬ ಮಾತು ಬರುವುದು ಆ ಒಂದೇ ಕಡೆ. ಸುಳ್ಳಾದರೂ ಅದನ್ನು ಓದಿದವನಿಗೆ, ಇಲ್ಲಿ ಸಮುದ್ರವಿದೆ, ಸಮುದ್ರಕ್ಕೆ ಹೋಗುವವರಿದ್ದಾರೆ ಎಂದಾದರೂ ಗೊತ್ತಾಗುತ್ತಿತ್ತು, ಮುಂದೆಂದೋ ಯಾರೋ ಒಬ್ಬ ಪುಣ್ಯಾತ್ಮ ಮೇ ತಿಂಗಳು ಹಂಗಾಮು ಹೇಗಾಯಿತು ಎಂದು ಕೇಳಬಹುದಿತ್ತು. ಅಳಿಸಿದ. ಕೆಳಗಿನ ಸಾಲು ಮೇಲಕ್ಕೆ ಬಂದು ಸೇರಿಕೊಂಡಿತು. ಏನೂ ಆಗಲಿಲ್ಲ. ಮೂರು ಗಂಟೆಗೆ ಎ.ಸಿ. ಕೋಣೆಯಲ್ಲಿ ಹತ್ತು ಜನ ಕೂತು ಬಿಸ್ಕತ್ತು ತಿನ್ನುತ್ತ ಪುಟ ಮಗುಚಿದರು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಮಾತ್ರ ಪೆನ್ನಿನ ತುದಿಯನ್ನು ಆ ಪುಟದ ಮೇಲಿಟ್ಟು, ಈ ಚಾನೆಲ್ಲಿನಲ್ಲಿ ಈಗ ಬೇರೆ ಯಾರಾದರೂ ಇದ್ದಾರೆಯೇ, ಅಳೆದವರು ಯಾರು, ಅವರೇ ಹೇಳಲಿ ಎಂದರು. ಎಲ್ಲರೂ ಅವನ ಕಡೆ ತಿರುಗಿದರು. ಶೇಷಗಿರಿ ತಿರುಗಲಿಲ್ಲ, ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತಿದ್ದರು. ಲೈಸೆನ್ಸ್ ಇರುವವರು ಯಾರೂ ಇಲ್ಲ ಸರ್ ಎಂದು ರಮಾಕಾಂತ ಇಂಗ್ಲಿಷಿನಲ್ಲಿ ಹೇಳಿದ. ಧ್ವನಿ ಚೆನ್ನಾಗಿಯೇ ಬಂತು. ಅಧಿಕಾರಿ ಸಂತೋಷದಿಂದ ಸಹಿ ಹಾಕಿದರು.

ನಾಲ್ಕೂವರೆಗೆ ಅವನು ಮೆಟ್ಟಿಲ ಮೇಲೆ ನಿಂತಿದ್ದಾಗ ಫೋನು ಬಂತು. ಕೋಟೇಶ್ವರಮ್ಮ. ಇವತ್ತು ಮೀಟಿಂಗು ಇದೆಯೆಂದು ಅವನೇ ಹೇಳಿದ್ದ, ಅವಳು ನೆನಪಿಟ್ಟುಕೊಂಡಿದ್ದಳು. ಅವಳ ಹಿಂದೆ ಸೆಟ್ಟಿನಲ್ಲಿ ಯಾರ್ಡಿನವರು ಬಂಡಿಗಳ ನಂಬರು ಕೂಗುತ್ತಿದ್ದದ್ದು ಇಲ್ಲಿಗೂ ಕೇಳಿಸುತ್ತಿತ್ತು. ಅವತ್ತಿನಿಂದ ಒಂದು ನಿಮಿಷವೂ ಆಫ್ ಮಾಡಿಲ್ಲ ಸಾರ್, ಊಟಕ್ಕೂ ಇಲ್ಲಿಂದ ಏಳುವುದಿಲ್ಲ ಎಂದು ಅವಳು ಮೊದಲು ಅದನ್ನೇ ಹೇಳಿದಳು. ಆಮೇಲೆ ಚಾನೆಲ್ಲು ಏನಾಯಿತು ಎಂದು ಕೇಳಿದಳು. ಅದು ವಾಪಸು ಬರುವುದಿಲ್ಲ ಅಮ್ಮಾ, ಲೈಸೆನ್ಸು ಹೋಗಿದೆಯಂತೆ, ಹೊಸದಾಗಿ ಅರ್ಜಿ ಹಾಕಬೇಕು ಎಂದು ಅವನು ಹೇಳಿದ. ಅತ್ತ ಸೆಟ್ಟಿನಲ್ಲಿ ಹದಿಮೂರನೇ ಬಂಡಿ ಎರಡನೇ ಗೇಟಿಗೆ ಹೋಯಿತು. ಸಿಟ್ಟು ಮಾಡಿಕೊಳ್ಳುತ್ತಾಳೆ, ಈಗಲಾದರೂ ಯಾರು ಹೀಗೆ ಮಾಡಿದ್ದು ಎಂದು ಕೇಳುತ್ತಾಳೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಅವಳು ಕೇಳಿದ್ದು ಬೇರೆ. ನಾನು ಅವತ್ತು ಹೇಳಿದ್ದನ್ನು ನೀವು ಬರೆದುಕೊಂಡಿರಲ್ಲ, ಆ ಅರ್ಧ ಗಂಟೆಯದು, ಅದನ್ನು ಒಳಗೆ ಕೊಟ್ಟಿರಾ ಎಂದಳು. ಅವತ್ತಿನಿಂದ ನಿದ್ದೆಯಿಲ್ಲ, ತಮ್ಮನ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ನನ್ನ ಮನೆಯಲ್ಲೇ ಇದ್ದಾಳೆ, ಅವಳ ಕಿವಿಗೆ ಬಿದ್ದರೆ ನಾನು ಹೇಗೆ ಅವಳ ಮುಖ ನೋಡಲಿ ಎಂದಳು.

“ಇಲ್ಲಮ್ಮಾ,” ಎಂದ ರಮಾಕಾಂತ. “ನಿಮ್ಮ ಹೆಸರು ಎಲ್ಲೂ ಇಲ್ಲ.”

“ಎಲ್ಲೂ ಇಲ್ವಾ?”

“ಎಲ್ಲೂ ಇಲ್ಲ. ಬೋಟಿನ ಸುದ್ದಿಯೇ ಇಲ್ಲ. ನಾನೇ ತೆಗೆದೆ.”

ಅವಳು ಅಳತೊಡಗಿದಳು. ಕಡಲಿನ ಮನೆಯವನು, ಅದಕ್ಕೇ ನನ್ನನ್ನು ಉಳಿಸಿದಿ, ಬೇರೆಯವರಾಗಿದ್ದರೆ ಬರೆದು ಕೊಟ್ಟುಬಿಡುತ್ತಿದ್ದರು ಎಂದಳು. ಚಲ್ಲಗಾ ಉಂಡು ನಾಯನಾ, ತಣ್ಣಗಿರು ನನ್ನಪ್ಪ ಎಂದು ಮತ್ತೆ ಮತ್ತೆ ಹರಸಿದಳು. ಸಾರ್ ಎನ್ನುವುದನ್ನು ಬಿಟ್ಟಿದ್ದಳು. ಅಲ್ಲಮ್ಮಾ, ತಪ್ಪು ನಿಮ್ಮದಲ್ಲ, ನನ್ನದು ಎಂಬ ಒಂದು ಮಾತು ಅವನ ನಾಲಿಗೆಯ ಮೇಲೆ ಬಂದು ಕೂತಿತ್ತು. ಅದನ್ನು ಹೇಳಿದರೆ ಅವಳ ಅರ್ಧ ಗಂಟೆ ಅವಳ ತಲೆಯಿಂದ ಇಳಿಯುತ್ತಿತ್ತು, ಆ ಕ್ಷಣವೇ ಇಳಿಯುತ್ತಿತ್ತು. ಅದಕ್ಕೆ ಯಾರ ಸಹಿಯೂ, ಯಾವ ಲೈಸೆನ್ಸೂ ಬೇಕಿರಲಿಲ್ಲ. ಹೇಳಿದರೆ ಅವಳು ತನ್ನನ್ನು ಹರಸುವುದನ್ನು ನಿಲ್ಲಿಸುತ್ತಾಳೆ. ಅಷ್ಟೇ ಆಗುವುದು, ಬೇರೇನೂ ಆಗುವುದಿಲ್ಲ. ಅವನು ನುಂಗಿಕೊಂಡ. ಅವಳು ಮೂಗು ಒರೆಸಿಕೊಂಡು, ಒಳ್ಳೆಯ ಒಣಮೀನು ಇದೆ, ನಾಳೆ ರತ್ನಾಚಲ್‌ನಲ್ಲಿ ನಮ್ಮವರೊಬ್ಬರು ವಿಜಯವಾಡಕ್ಕೆ ಬರುತ್ತಾರೆ, ಕೊಟ್ಟು ಕಳಿಸುತ್ತೇನೆ, ಬೇಡ ಅನ್ನಬಾರದು, ಮನೆ ಎಲ್ಲಿ ಹೇಳು ಎಂದಳು. ಬರೆದುಕೊಳ್ಳಲು ಯಾರನ್ನೋ ಕರೆದದ್ದು, ಪೆನ್ನು ಹುಡುಕಿದ್ದು ಕೇಳಿಸಿತು. ಭವಾನಿಪುರಂ, ಲಕ್ಷ್ಮೀಕಾಂತಮ್ಮನವರ ಮನೆ, ಮೇಲಿನ ಮಹಡಿ ಎಂದು ಹೇಳಿ, ಬರೆದುಕೊಳ್ಳುವವರಿಗೆ ತಪ್ಪಾಗಬಾರದೆಂದು ಮನೆಯ ನಂಬರನ್ನು ಅವನು ಎರಡು ಸಲ ನಿಧಾನವಾಗಿ ಹೇಳಿದ.